ಊರಿನಿಂದ ಪುಣೆಗೆ ಮರಳುವಾಗ: ಇಳಿಜಾರು, ನಿದ್ದೆ, ಸೀಟ್ ಬೆಲ್ಟ್

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರು ಹಬ್ಬ ಮುಗಿಸಿ ಬೆಳಗಾವಿ, ಹುಬ್ಬಳ್ಳಿಯಿಂದ ಕಾರಿನಲ್ಲಿ ಮರಳುವಾಗ, ಹೆಚ್ಚು ಎಚ್ಚರ ಬೇಡುವ ದಾರಿ ಎದುರಾಗುವುದು ಮನೆ ಇನ್ನೇನು ಬಂತು ಎನ್ನುವ ಹೊತ್ತಿಗೆ, ಕಾತ್ರಜ್ ಹೊಸ ಸುರಂಗದಿಂದ ನವಲೆ ಸೇತುವೆಯವರೆಗಿನ ನೀಳ ಇಳಿಜಾರಿನಲ್ಲಿ. ಡೀಸೆಲ್ ಉಳಿಸಲೆಂದು ಲಾರಿಗಳನ್ನು ನ್ಯೂಟ್ರಲ್‌ನಲ್ಲಿ ಬಿಡುವುದು, ಸತತವಾಗಿ ಒತ್ತಿದ ಬ್ರೇಕ್ ಕಾದು ಹಿಡಿತ ಕಳೆದುಕೊಳ್ಳುವುದು ಇಲ್ಲಿ ಪದೇಪದೇ ಅಪಘಾತಗಳಿಗೆ ಕಾರಣವಾಗಿವೆ. ಕಾರು ಚಾಲಕರು ಸುರಂಗ ದಾಟಿದೊಡನೆ ಗೇರ್ ಇಳಿಸಿ, ಎಂಜಿನ್ನೇ ವೇಗವನ್ನು ಹಿಡಿದಿಡುವಂತೆ ಮಾಡಿ, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತಬೇಕು. ಭಾರ ಹೊತ್ತ ಲಾರಿಯ ಮುಂದೆ ತಟ್ಟನೆ ನುಗ್ಗಿ ನಿಧಾನಿಸುವುದಂತೂ ಸಲ್ಲದು.

ಗಂಟೆಗೆ 80 ಕಿ.ಮೀ. ವೇಗದಲ್ಲಿ ಕಾರು ಸೆಕೆಂಡಿಗೆ ಸುಮಾರು 22 ಮೀಟರ್ ಸಾಗುವುದರಿಂದ, ಮೊಬೈಲಿನತ್ತ 2 ಸೆಕೆಂಡ್ ನೋಡಿದರೆ 44 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆ. ಮುಂದಿನ ವಾಹನ ದಾಟಿದ ಕಂಬವನ್ನು ನೀವು ತಲುಪಲು ಕನಿಷ್ಠ 3 ಸೆಕೆಂಡ್ ಹಿಡಿಯುವಷ್ಟು ಅಂತರವಿರಲಿ. ಮಳೆಯಲ್ಲಿ ಅದನ್ನು ಇಮ್ಮಡಿಗೊಳಿಸಿ.

ರಾತ್ರಿ ಊಟ ಮಾಡಿ ಹೊರಟು ಬೆಳಿಗ್ಗೆ ನೇರವಾಗಿ ಆಫೀಸಿಗೆ ಹೋಗುವ ಲೆಕ್ಕಾಚಾರ ನಮ್ಮವರಲ್ಲಿ ಸಾಮಾನ್ಯ. ನನಗಂತೂ ಅದು ಒಪ್ಪಿಗೆಯಿಲ್ಲ. ನಸುಕಿನ 2ರಿಂದ 5 ಗಂಟೆಯ ನಡುವೆ ಕವಿಯುವ ನಿದ್ದೆಯನ್ನು ಚಹಾ ಹೆಚ್ಚು ಹೊತ್ತು ತಡೆಯಲಾರದು. ರೆಪ್ಪೆ ಭಾರವಾದರೆ ಢಾಬಾ ಅಥವಾ ಪೆಟ್ರೋಲ್ ಬಂಕಿನ ಆವರಣದಲ್ಲಿ ಕಾರು ನಿಲ್ಲಿಸಿ 20 ನಿಮಿಷ ಮಲಗಬೇಕು. ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಬಾರದು.

ಉದ್ಯಮಿ ಸೈರಸ್ ಮಿಸ್ತ್ರಿ 2022ರ ಸೆಪ್ಟೆಂಬರಿನಲ್ಲಿ ಪಾಲ್ಘರ್ ಬಳಿ ಅಪಘಾತದಲ್ಲಿ ಮೃತಪಟ್ಟಾಗ ಹಿಂದಿನ ಸೀಟಿನಲ್ಲಿದ್ದರು, ಬೆಲ್ಟ್ ಧರಿಸಿರಲಿಲ್ಲ. ಆದ್ದರಿಂದ ಹಿಂದೆ ಕುಳಿತ ಅಜ್ಜಿಯೂ ಬೆಲ್ಟ್ ಹಾಕಿಕೊಂಡ ಮೇಲೆಯೇ ಕಾರು ಹೊರಡಲಿ.