ಗೃಹಪ್ರವೇಶ, ಮೊದಲ ಭೇಟಿ, ಡ್ಯಾನ್ಸ್ ಒಂದೇ ಭಾನುವಾರ ಬಂದರೆ

ಬಳ್ಳಾರಿ ಬಿಸಿಲು ಗೊತ್ತಲ್ವಾ, ಅದಕ್ಕೇ ಇಷ್ಟವಾದವರ ಜೊತೆಗಿನ ಮೊದಲ ಭೇಟಿಯನ್ನು ಸಂಜೆ ಐದರ ಮೇಲೆ ಇಟ್ಟುಕೊಳ್ಳಿ. ಮಧ್ಯಾಹ್ನ ಗೃಹಪ್ರವೇಶದ ಹೋಳಿಗೆ ಊಟ ಹೊಡೆದು ಸೀದಾ ಹೋಗಬೇಡಿ, ಮನೆಗೆ ಬಂದು ಸ್ನಾನ ಮಾಡಿ, ಸ್ವಲ್ಪ ಮಲಗಿ. ಕೋಟೆ ಗುಡ್ಡ ಚೆನ್ನಾಗಿದೆ ನಿಜ, ಆದರೆ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಏನು ಮಾತಾಡುತ್ತೀರಿ? ಜನ ಓಡಾಡುವ ಕಡೆ ಒಂದು ಕಾಫಿ ಸಾಕು.

"ಏಳೂವರೆಗೆ ಗೆಳೆಯನ ರಿಸೆಪ್ಶನ್ ಇದೆ" ಅಂತ ಮೊದಲೇ ಹೇಳಿಬಿಡಿ. ಮಧ್ಯದಲ್ಲಿ ಪದೇ ಪದೇ ಗಡಿಯಾರ ನೋಡಿದರೆ ಎದುರಿನವರಿಗೆ ಬೇಜಾರಾಗುತ್ತದೆ. ಮಾತು ಎಷ್ಟೇ ಕೂಡಿಬಂದರೂ ಅವರನ್ನು ಅವತ್ತೇ ರಿಸೆಪ್ಶನ್‌ಗೆ ಕರೆದುಕೊಂಡು ಹೋಗಬೇಡಿ, ನಿಮ್ಮ ಅತ್ತೆ, ಚಿಕ್ಕಮ್ಮ ಎಲ್ಲ ಸೇರಿ ಯಾವ ಊರು, ಯಾರ ಪೈಕಿ ಅಂತ ಶುರು ಮಾಡಿದರೆ ಪಾಪ ಅವರ ಗತಿ ಏನು.

ರಿಸೆಪ್ಶನ್‌ನಲ್ಲಿ ಡ್ಯಾನ್ಸ್ ಮೊದಲು, ಊಟ ಆಮೇಲೆ. ಬ್ಯಾಗಿನಲ್ಲಿ ಒಂದು ಕಾಟನ್ ಶರ್ಟ್, ನೀರಿನ ಬಾಟಲಿ ಇರಲಿ.