ಹ್ಯಾಂಬರ್ಗ್‌ನಲ್ಲಿ ಫ್ರಾನ್ಸಿನ ದೂತ ಯಾರಿದ್ದ? ಹಳೇ ಕಡತಗಳಲ್ಲಿ ಹುಡುಕುವ ದಾರಿ

'ಜರ್ಮನಿಯಲ್ಲಿ ಫ್ರೆಂಚ್ ರಾಯಭಾರಿ' ಅಂತ ಹುಡುಕಲು ಕೂತರೆ ಸಿಗುವುದೆಲ್ಲ 1871ರ ನಂತರದ್ದೇ. ಅದಕ್ಕೂ ಮುಂಚೆ ಜರ್ಮನಿ ಅನ್ನೋ ಒಂದು ದೇಶವೇ ಇರಲಿಲ್ಲ ಅಲ್ವಾ. ರಾಜರು, ಡ್ಯೂಕ್‌ಗಳು, ಬಿಷಪ್‌ಗಳು ಇದ್ದರು. ಅವರ ನಡುವೆ ದೂರದ ಚಕ್ರವರ್ತಿಯೊಬ್ಬನನ್ನು ಬಿಟ್ಟು ಬೇರೆ ಯಾರ ಮಾತೂ ಕೇಳದ ಕೆಲವು ವ್ಯಾಪಾರದ ಊರುಗಳಿದ್ದವು: ಹ್ಯಾಂಬರ್ಗ್, ಬ್ರೆಮೆನ್, ಲ್ಯೂಬೆಕ್, ಫ್ರಾಂಕ್‌ಫರ್ಟ್. ಹಾಗಾಗಿ ಮೊದಲು ಒಂದು ಊರು, ಒಂದು ವರ್ಷ ಗೊತ್ತುಮಾಡಿಕೊಳ್ಳಿ. 'ಹ್ಯಾಂಬರ್ಗ್, 1796' ಅಂತ ಇಟ್ಟುಕೊಂಡರೆ ದಾರಿ ಕಾಣುತ್ತದೆ. 'ಜರ್ಮನಿ, 18ನೇ ಶತಮಾನ' ಅಂದರೆ ಸುಮ್ನೆ ಅಲೆಯುತ್ತೀರಿ.

ಫ್ರಾನ್ಸಿಗೆ ಈ ಊರುಗಳಲ್ಲಿ ಏನು ಕೆಲಸ ಅನ್ನೋದನ್ನೂ ತಿಳಿದಿರಬೇಕು. ವ್ಯಾಪಾರ, ಜೊತೆಗೆ ಸುದ್ದಿ. 18ನೇ ಶತಮಾನದಲ್ಲಿ ಕೆರಿಬಿಯನ್ ದ್ವೀಪಗಳ ಸಕ್ಕರೆ, ಕಾಫಿ ಮೊದಲು ಬೋರ್ಡೊ ಬಂದರಿಗೆ ಬಂದು, ಅಲ್ಲಿಂದ ವೈನ್ ಪೀಪಾಯಿಗಳ ಜೊತೆ ಮತ್ತೆ ಹಡಗೇರಿ ಹ್ಯಾಂಬರ್ಗ್ ಸೇರುತ್ತಿತ್ತು. ಆ ಕಚ್ಚಾ ಸಕ್ಕರೆಯನ್ನು ಶುದ್ಧ ಮಾಡುವ ನೂರಾರು ಮನೆಗಳು ಹ್ಯಾಂಬರ್ಗ್‌ನಲ್ಲಿದ್ದವು. (ಕಬ್ಬು ಬೆಳೆದದ್ದು ಗುಲಾಮರು ಅನ್ನೋದನ್ನು ಕಡತ ಓದುವಾಗ ನಾವೇ ನೆನಪಿಟ್ಟುಕೊಳ್ಳಬೇಕು.) ಹ್ಯಾಂಬರ್ಗ್, ಬ್ರೆಮೆನ್, ಲ್ಯೂಬೆಕ್ ಜೊತೆ ಫ್ರಾನ್ಸ್ 1655ರಲ್ಲಿ, 1716ರಲ್ಲಿ ವ್ಯಾಪಾರ ಒಪ್ಪಂದ ಮಾಡಿಕೊಂಡಿತು. 1769ರಲ್ಲಿ ಹ್ಯಾಂಬರ್ಗ್ ಜೊತೆಗೇ ಒಂದು ಆಯಿತು. ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗದಿದ್ದರೆ ಈ ಮೂರರಲ್ಲಿ ಒಂದು ವರ್ಷವನ್ನು ಹಿಡಿಯಿರಿ. ಮಾತುಕತೆ ನಡೆಯುವಾಗ ಪತ್ರಗಳು ಜಾಸ್ತಿ ಓಡಾಡುತ್ತವೆ.

ಆಮೇಲೆ ಹುದ್ದೆ ನೋಡಿ. ಇಂಥ ಸಣ್ಣ ಊರಿಗೆ ಪೂರ್ತಿ ರಾಯಭಾರಿಯನ್ನು ಕಳಿಸುವ ಪದ್ಧತಿ ಇರಲಿಲ್ಲ. ಸಿಗುವುದು ರೆಸಿಡೆಂಟ್, ಮಿನಿಸ್ಟರ್, ಷಾರ್ಜೆ ದಫೇರ್, ಕಾನ್ಸುಲ್. ಮೊದಲ ಮೂವರು ರಾಜಕೀಯದ ದೂತರು, ರಾಯಭಾರಿಗಿಂತ ಕೆಳಗಿನ ದರ್ಜೆಯವರು (ಇಲ್ಲಿ ಮಿನಿಸ್ಟರ್ ಅಂದರೆ ಮಂತ್ರಿ ಅಲ್ಲ). ಕಾನ್ಸುಲ್ ಹಡಗು, ಸುಂಕ, ನಾವಿಕರ ಜಗಳ ನೋಡಿಕೊಳ್ಳುವವನು. ಹ್ಯಾಂಬರ್ಗ್‌ನಲ್ಲಿ ಕೂತ ಫ್ರೆಂಚ್ ಮಿನಿಸ್ಟರ್‌ನ ನೇಮಕಪತ್ರದಲ್ಲಿ ಎಷ್ಟೋ ಸಲ ಊರಿನ ಹೆಸರಿಗಿಂತ ಮುಂಚೆ 'ಲೋವರ್ ಸ್ಯಾಕ್ಸನಿ ವಲಯ' (ಚಕ್ರವರ್ತಿಯ ಸಾಮ್ರಾಜ್ಯದ ಒಂದು ಆಡಳಿತ ವಿಭಾಗ) ಅಂತ ಇರುತ್ತದೆ, ಆದ್ದರಿಂದ ಆ ಹೆಸರಿನಲ್ಲೂ ಒಮ್ಮೆ ಹುಡುಕಿ. ಯಾವ ವರ್ಷ ಯಾರಿದ್ದರು ಅಂತ ಬೇಗ ನೋಡಲು ಫ್ರಾನ್ಸಿನ ಸರ್ಕಾರಿ ವಾರ್ಷಿಕ ಪಂಚಾಂಗಗಳಿವೆ. ರಾಜರ ಕಾಲದಲ್ಲಿ 'ರಾಯಲ್', ನೆಪೋಲಿಯನ್ ಕಾಲದಲ್ಲಿ 'ಇಂಪೀರಿಯಲ್' ಅಲ್ಮನಾಕ್. ಫ್ರೆಂಚ್ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ತಾಣದಲ್ಲಿ ಮನೆಯಲ್ಲೇ ಕೂತು ಪುಟ ತಿರುಗಿಸಬಹುದು. ಅವನ್ನು ಪೂರ್ತಿ ನಂಬಬೇಡಿ. ವರ್ಷದ ಮಧ್ಯೆ ಆದ ಬದಲಾವಣೆ ಅದರಲ್ಲಿ ಇರುವುದಿಲ್ಲ.

ಇನ್ನು ಕಡತ ಎಲ್ಲಿದೆ ಅನ್ನೋದು. ಹೆಚ್ಚು ಜನ ಸೋಲುವುದು ಇಲ್ಲೇ. ಮಿನಿಸ್ಟರ್ ಪ್ಯಾರಿಸ್‌ಗೆ ಬರೆದ ರಾಜಕೀಯ ಪತ್ರಗಳು ಪ್ಯಾರಿಸ್ ಪಕ್ಕದ ಲಾ ಕೂರ್ನೆವ್‌ನಲ್ಲಿರುವ ವಿದೇಶಾಂಗ ಇಲಾಖೆಯ ಪತ್ರಾಗಾರದಲ್ಲಿವೆ, ಊರಿನ ಹೆಸರಿನಲ್ಲೇ ಜೋಡಿಸಿಟ್ಟಿದ್ದಾರೆ. ಕಾನ್ಸುಲ್‌ಗಳ ಕಥೆ ಬೇರೆ. ಲೂಯಿ 14ನೆಯ ದೊರೆಯ ಮಂತ್ರಿ ಕೋಲ್ಬೇರ್ ಕಾಲದಲ್ಲಿ, 1669ರಿಂದ, ಅವರು ನೌಕಾ ಇಲಾಖೆಯ ಕೈಕೆಳಗಿದ್ದರು. 1760ರ ದಶಕದಲ್ಲಿ ಕೆಲವು ವರ್ಷ ಬಿಟ್ಟರೆ 1793ರವರೆಗೂ ಹಾಗೇ ನಡೆಯಿತು. ಆದ್ದರಿಂದ ಆ ಕಾಲದ ಕಾನ್ಸುಲ್ ಪತ್ರಗಳು ಫ್ರೆಂಚ್ ರಾಷ್ಟ್ರೀಯ ಪತ್ರಾಗಾರದಲ್ಲಿ 'ವಿದೇಶಾಂಗ ಬಿ 1' ಅನ್ನೋ ಸಾಲಿನಲ್ಲಿವೆ. ಪತ್ರ ಕಳಿಸಿದವನು ತನ್ನ ಕಚೇರಿಯಲ್ಲೇ ಇಟ್ಟುಕೊಂಡ ನಕಲು, ಪಾಸ್‌ಪೋರ್ಟ್ ದಾಖಲೆ, ಅಲ್ಲಿದ್ದ ಫ್ರೆಂಚರ ಹೆಸರು ಪಟ್ಟಿ ಇಂಥವು ಬೇಕಾದರೆ ನಾಂಟ್ ಊರಿನಲ್ಲಿರುವ ವಿದೇಶಾಂಗ ಇಲಾಖೆಯ ಇನ್ನೊಂದು ಪತ್ರಾಗಾರವನ್ನು ಕೇಳಬೇಕು. ಒಬ್ಬನೇ ಮನುಷ್ಯನ ಕಾಗದ ಮೂರು ಕಡೆ ಹಂಚಿಹೋಗಿರುತ್ತದೆ. ಪ್ರಯಾಣದ ಟಿಕೆಟ್ ಮಾಡಿಸುವ ಮುಂಚೆ ಆನ್‌ಲೈನ್ ಸೂಚಿಗಳಲ್ಲಿ ನೋಡಿಕೊಳ್ಳಿ.

ತಾರೀಖಿನ ತೊಂದರೆ ಒಂದಲ್ಲ, ಎರಡು. ಫ್ರಾನ್ಸ್ 1582ರಲ್ಲೇ ಹೊಸ (ಈಗ ನಾವು ಬಳಸುವ ಗ್ರೆಗೋರಿಯನ್) ಕ್ಯಾಲೆಂಡರ್‌ಗೆ ಬಂತು, ಪ್ರಾಟೆಸ್ಟಂಟ್ ಜರ್ಮನ್ ಊರುಗಳು ಬಂದದ್ದು 1700ರಲ್ಲಿ. 17ನೇ ಶತಮಾನದಲ್ಲಿ ಎರಡಕ್ಕೂ ಹತ್ತು ದಿನ ವ್ಯತ್ಯಾಸ. ಯೂರೋಪಿನ ಮೂವತ್ತು ವರ್ಷಗಳ ಯುದ್ಧ (1618-48) ಮುಗಿಸುವ ಮಾತುಕತೆಯನ್ನು ಮ್ಯೂನ್‌ಸ್ಟರ್ ಮತ್ತು ಓಸ್ನಾಬ್ರ್ಯೂಕ್‌ನಲ್ಲಿ ನಡೆಸೋಣ ಅಂತ ಹ್ಯಾಂಬರ್ಗ್‌ನಲ್ಲಿ ತೀರ್ಮಾನವಾದದ್ದು 1641ರ ಡಿಸೆಂಬರ್ 25ಕ್ಕೆ, ಫ್ರಾನ್ಸ್ ಪರ ಕೌಂಟ್ ದಾವೋ ಇದ್ದ. ಅದೇ ದಿನ ಹಳೇ ಲೆಕ್ಕದಲ್ಲಿ 15. ಎರಡನೇ ತೊಂದರೆ ಫ್ರೆಂಚ್ ಕ್ರಾಂತಿಯ ಸರ್ಕಾರ ತಂದ ಕ್ಯಾಲೆಂಡರ್. 1793ರಿಂದ 1805ರ ಕೊನೆಯವರೆಗೆ ಪತ್ರದ ಮೇಲೆ '18 ಬ್ರ್ಯೂಮೇರ್, ವರ್ಷ 8' ಅಂತ ಇರುತ್ತದೆ. ಅದು 1799ರ ನವೆಂಬರ್ 9. ಬದಲಾಯಿಸಿ ಕೊಡುವ ಉಪಕರಣಗಳು ನೆಟ್‌ನಲ್ಲಿ ಬೇಕಾದಷ್ಟಿವೆ.

ಅಭ್ಯಾಸಕ್ಕೆ ಮೊದಲು ಒಬ್ಬ ಮನುಷ್ಯನ ಬೆನ್ನು ಹತ್ತಿ. ನನ್ನನ್ನು ಕೇಳಿದರೆ ಕಾರ್ಲ್ ಫ್ರೀಡ್ರಿಷ್ ರೈನ್‌ಹಾರ್ಡ್. 1761ರಲ್ಲಿ ವ್ಯೂರ್ಟೆಂಬರ್ಗ್‌ನ ಶೋರ್ನ್‌ಡೋರ್ಫ್‌ನಲ್ಲಿ ಹುಟ್ಟಿದ ಜರ್ಮನ್. ಬೋರ್ಡೊದಲ್ಲಿ ವ್ಯಾಪಾರಿಯೊಬ್ಬರ ಮನೆ ಮಕ್ಕಳಿಗೆ ಪಾಠ ಹೇಳಲು ಹೋಗಿ, ಕ್ರಾಂತಿಯ ಜನರ ಸ್ನೇಹ ಬೆಳೆದು, ಕೊನೆಗೆ 1795ರಲ್ಲಿ ಫ್ರಾನ್ಸಿನ ಮಿನಿಸ್ಟರ್ ಆಗಿ ಹ್ಯಾಂಬರ್ಗ್‌ಗೆ ಬಂದ. ಊರನ್ನು ಆಳುವ ಸಭೆಯಾದ ಸೆನೆಟ್‌ಗೆ ಪೇಚಾಟ. ಒಪ್ಪಿಕೊಂಡರೆ ಫ್ರಾನ್ಸ್ ಜೊತೆ ಯುದ್ಧದಲ್ಲಿದ್ದ ವಿಯೆನ್ನಾದ ಚಕ್ರವರ್ತಿಗೆ ಸಿಟ್ಟು, ಒಪ್ಪದಿದ್ದರೆ ಫ್ರಾನ್ಸಿನ ವ್ಯಾಪಾರ ಹೋಗುತ್ತದೆ. 1796ರಲ್ಲಿ ಅವನು ಅಲ್ಲಿನ ಹೆಸರಾಂತ ರೈಮಾರುಸ್ ಮನೆತನದ ಕ್ರಿಸ್ಟೀನೆಯನ್ನು ಮದುವೆಯಾದ. 1799ರಲ್ಲಿ ಕೆಲವು ತಿಂಗಳು ಫ್ರಾನ್ಸಿನ ವಿದೇಶಾಂಗ ಮಂತ್ರಿಯೇ ಆಗಿದ್ದು, 1802ರಲ್ಲಿ ಮತ್ತೆ ಹ್ಯಾಂಬರ್ಗ್, 1815ರ ಮೇಲೆ ಫ್ರಾಂಕ್‌ಫರ್ಟ್. ಒಬ್ಬನನ್ನು ಹಿಂಬಾಲಿಸಿದರೆ ಎರಡು ಊರಿನ ಕಡತ ಓದಲು ಕಲಿತಂತಾಯಿತು. ಹೆಸರನ್ನು 'ಶಾರ್ಲ್ ಫ್ರೆದೆರಿಕ್' ಅಂತ ಫ್ರೆಂಚ್ ಮಾಡಿ ಕೂಡ ಹುಡುಕಿ.

ಅವನ ನಂತರ 1805ರಲ್ಲಿ ಬಂದವನು ನೆಪೋಲಿಯನ್‌ನ ಹಳೇ ಕಾರ್ಯದರ್ಶಿ ಬೂರಿಯೆನ್. ಆಸಾಮಿ ಬೇರೆ ತರಹ. 1806ರ ನವೆಂಬರ್‌ನಲ್ಲಿ ಫ್ರೆಂಚ್ ಸೈನ್ಯ ಊರು ಹಿಡಿಯಿತು. ನೆಪೋಲಿಯನ್‌ನ ಬರ್ಲಿನ್ ಆದೇಶದಿಂದ ಇಂಗ್ಲೆಂಡಿನ ಸರಕಿಗೆ ನಿಷೇಧ ಬಂತು. ಅದನ್ನು ಕಾಯಬೇಕಾದ ಬೂರಿಯೆನ್ ಮೇಲೇ ಲಂಚದ ಆರೋಪ ಬಂದು 1810ರಲ್ಲಿ ವಾಪಸ್ ಕರೆಸಿಕೊಂಡರು. ಅವನ ಹೆಸರಿನಲ್ಲಿ ಬಂದ ನೆನಪಿನ ಪುಸ್ತಕ ಓದಲು ಬಲು ಮಜಾ, ಅಲ್ಲಿ ಕಳ್ಳಸಾಗಣೆಯ ಸಕ್ಕರೆ ಶವಯಾತ್ರೆಯ ಗಾಡಿಯಲ್ಲಿ ಬರುತ್ತದೆ. ಆದರೆ ಅದರ ಬಹುಭಾಗ ಬೇರೆಯವರು ಬರೆದದ್ದು ಅನ್ನೋ ಅನುಮಾನ ಹಳೆಯದು. ಬೇರೆ ಕಾಗದದ ಜೊತೆ ತಾಳೆ ನೋಡದೆ ಒಂದು ಸಾಲನ್ನೂ ಎತ್ತಿಕೊಳ್ಳಬೇಡಿ.

1811ರಿಂದ 1814ರವರೆಗೆ ದೂತರ ಪತ್ರ ಸಿಗದಿದ್ದರೆ ಗಾಬರಿಯಾಗಬೇಡಿ. ಆಗ ಹ್ಯಾಂಬರ್ಗ್, ಬ್ರೆಮೆನ್, ಲ್ಯೂಬೆಕ್ ಮೂರೂ ಫ್ರಾನ್ಸಿನೊಳಗೇ ಇದ್ದವು. ತನ್ನದೇ ಊರಿಗೆ ಯಾರು ದೂತನನ್ನು ಕಳಿಸುತ್ತಾರೆ? ಆ ವರ್ಷಗಳಿಗೆ ಒಳಾಡಳಿತ ಇಲಾಖೆಯ ಕಾಗದ ನೋಡಿ, ಹ್ಯಾಂಬರ್ಗ್‌ಗೆ 'ಎಲ್ಬ್ ನದೀಮುಖ' ಜಿಲ್ಲೆ, ಬ್ರೆಮೆನ್‌ಗೆ 'ವೇಸರ್ ನದೀಮುಖ' ಜಿಲ್ಲೆ.

ಒಂದೇ ಕಡೆಯ ಪತ್ರ ಓದಿ ನಿಲ್ಲಿಸುವುದೂ ಸರಿಯಲ್ಲ. ನ್ಯಾಪರ್ ಟ್ಯಾಂಡಿ ಪ್ರಕರಣ ನೋಡಿ. ಐರ್ಲೆಂಡಿನ ಈ ಬಂಡಾಯಗಾರ ಫ್ರೆಂಚ್ ಸೇನಾಧಿಕಾರಿಯೂ ಆಗಿದ್ದ. 1798ರ ನವೆಂಬರ್‌ನಲ್ಲಿ ಬ್ರಿಟಿಷರ ಒತ್ತಾಯಕ್ಕೆ ಹ್ಯಾಂಬರ್ಗ್ ಅವನನ್ನು ಹಿಡಿಯಿತು. ಫ್ರಾನ್ಸ್ ಬಿಡಿ ಅಂದಿತು, ಬ್ರಿಟನ್ ಕೊಡಿ ಅಂದಿತು. 1799ರಲ್ಲಿ ಸೆನೆಟ್ ಬ್ರಿಟಿಷರಿಗೇ ಒಪ್ಪಿಸಿತು, ಅದಕ್ಕೆ ನೆಪೋಲಿಯನ್ ಬೋನಪಾರ್ಟ್ 45 ಲಕ್ಷ ಫ್ರಾಂಕ್ ವಸೂಲಿ ಮಾಡಿದ. ಪ್ಯಾರಿಸ್, ಲಂಡನ್, ಹ್ಯಾಂಬರ್ಗ್ ಮೂರೂ ಕಡೆಯ ಕಾಗದ ಪಕ್ಕಪಕ್ಕ ಇಟ್ಟರೆ ಮಾತ್ರ ಯಾರು ಯಾರಿಗೆ ಹೆದರಿದರು ಅಂತ ತಿಳಿಯುತ್ತದೆ.

ಜರ್ಮನ್ ಕಡೆ ಹೋಗುವಾಗ ಎರಡು ವಿಷಯ ಗಮನದಲ್ಲಿರಲಿ. 1842ರ ಮೇ ತಿಂಗಳ ದೊಡ್ಡ ಬೆಂಕಿಯಲ್ಲಿ ಹ್ಯಾಂಬರ್ಗ್‌ನ ಪುರಭವನದ ಜೊತೆ ಸೆನೆಟ್ ದಾಖಲೆಗಳೂ ಸಾಕಷ್ಟು ಹೋದವು. ಫ್ರಾಂಕ್‌ಫರ್ಟ್‌ನಲ್ಲಿ 1944ರ ಬಾಂಬ್ ದಾಳಿ ಅದೇ ಕೆಲಸ ಮಾಡಿತು. ಹ್ಯಾಂಬರ್ಗ್‌ನಲ್ಲಿ ಇಲ್ಲ ಅಂದರೆ ಲ್ಯೂಬೆಕ್ ಮತ್ತು ಬ್ರೆಮೆನ್ ಪತ್ರಾಗಾರಗಳಿಗೆ ಬರೆಯಿರಿ. ಮೂರೂ ಊರುಗಳು ಪ್ಯಾರಿಸ್‌ನಲ್ಲಿ ಸೇರಿ ಒಬ್ಬನೇ ಪ್ರತಿನಿಧಿಯನ್ನು ಇಟ್ಟುಕೊಳ್ಳುತ್ತಿದ್ದ ಕಾಲವಿತ್ತು, ಒಂದು ಕಡೆ ಸುಟ್ಟದ್ದರ ನಕಲು ಇನ್ನೊಂದು ಕಡೆ ಇರಬಹುದು. ಲ್ಯೂಬೆಕ್‌ನ ಕಡತಗಳು ಎರಡನೇ ಮಹಾಯುದ್ಧದಲ್ಲಿ ಉಪ್ಪಿನ ಗಣಿ ಸೇರಿ, ಅಲ್ಲಿಂದ ಸೋವಿಯತ್ ಒಕ್ಕೂಟಕ್ಕೆ ಹೋಗಿ, ಹೆಚ್ಚಿನವು 1987ರ ನಂತರವಷ್ಟೇ ಮನೆಗೆ ಬಂದವು. ಆದ್ದರಿಂದ 1980ಕ್ಕಿಂತ ಹಿಂದಿನ ಪುಸ್ತಕದಲ್ಲಿ 'ಲ್ಯೂಬೆಕ್ ದಾಖಲೆ ಕಳೆದುಹೋಗಿದೆ' ಅಂತ ಓದಿದರೆ ಅಲ್ಲಿಗೇ ಬಿಡಬೇಡಿ, ಪತ್ರಾಗಾರಕ್ಕೆ ಒಂದು ಇಮೇಲ್ ಹಾಕಿ ಕೇಳಿ.