ಫ್ರಾಂಕ್‌ಫರ್ಟ್‌ನಿಂದ ಲಿಸ್ಬನ್‌ಗೆ: ದೂರವನ್ನೂ ಹೊತ್ತನ್ನೂ ನಾನು ಲೆಕ್ಕ ಹಾಕಿದ ಬಗೆ

ಅಮ್ಮನನ್ನು ಲಿಸ್ಬನ್‌ಗೆ ಕರೆದೊಯ್ಯಲು ಟಿಕೆಟ್ ತೆಗೆಸಿದ ದಿನ ಅವರು ಅದನ್ನು ಕೈಯಲ್ಲಿ ಹಿಡಿದು, "ಹೋಗೋದಕ್ಕೆ ಎರಡು ಗಂಟೆ ಹತ್ತು ನಿಮಿಷ, ಬರೋದಕ್ಕೆ ನಾಲ್ಕು ಗಂಟೆ, ಯಾಕಪ್ಪಾ?" ಎಂದು ಕೇಳಿದರು. ಪೋರ್ಚುಗಲ್‌ನ ಗಡಿಯಾರ ಜರ್ಮನಿಯದಕ್ಕಿಂತ ವರ್ಷವಿಡೀ ಒಂದು ಗಂಟೆ ಹಿಂದಿರುವುದರಿಂದ, ಹೋಗುವಾಗ ಒಂದು ಗಂಟೆ ಕೂಡಿಸಿ ಬರುವಾಗ ಒಂದು ಗಂಟೆ ಕಳೆದರೆ 3 ಗಂಟೆ 10 ನಿಮಿಷ ಮತ್ತು 3 ಗಂಟೆ ಉಳಿಯುತ್ತದೆ ಎಂದು ಹೇಳಿದೆ. ಆ ಮೂರು ಗಂಟೆಯಾದರೂ ಏಕೆ ಬೇಕು ಎಂಬುದನ್ನು ನಾನೇ ಲೆಕ್ಕ ಹಾಕಿ ನೋಡಬೇಕೆನಿಸಿತು.

ಮೊದಲು ದೂರ. ಫ್ರಾಂಕ್‌ಫರ್ಟ್ ನಿಲ್ದಾಣ ಉತ್ತರ ಅಕ್ಷಾಂಶ 50.03, ಪೂರ್ವ ರೇಖಾಂಶ 8.57ರಲ್ಲಿದೆ, ಲಿಸ್ಬನ್ನಿನದು ಉತ್ತರ 38.77, ಪಶ್ಚಿಮ 9.13. ಎರಡು ಅಕ್ಷಾಂಶಗಳ ಸೈನ್‌ಗಳ ಗುಣಲಬ್ಧಕ್ಕೆ, ಅವುಗಳ ಕೊಸೈನ್‌ಗಳನ್ನೂ ರೇಖಾಂಶಗಳ ಅಂತರದ ಕೊಸೈನನ್ನೂ ಗುಣಿಸಿ ಕೂಡಿಸಿದರೆ, ಭೂಮಿಯ ಕೇಂದ್ರದಲ್ಲಿ ಆ ಎರಡು ಊರುಗಳ ನಡುವೆ ಏರ್ಪಡುವ ಕೋನದ ಕೊಸೈನ್ ದೊರೆಯುತ್ತದೆ. ಮೊದಲ ಸಲ ನನಗೆ ಬಂದದ್ದು ಸುಮಾರು 1,253 ಕಿ.ಮೀ. ಮ್ಯಾಡ್ರಿಡ್ಡೇ ಫ್ರಾಂಕ್‌ಫರ್ಟ್‌ನಿಂದ 1,420 ಕಿ.ಮೀ. ಇರುವಾಗ ಅದಕ್ಕಿಂತ ಆಚೆಗಿರುವ ಲಿಸ್ಬನ್ ಹತ್ತಿರವಾಗುವುದು ಸಾಧ್ಯವಿರಲಿಲ್ಲ. ಒಂದು ರೇಖಾಂಶ ಪೂರ್ವದ್ದು, ಇನ್ನೊಂದು ಪಶ್ಚಿಮದ್ದು ಎಂಬುದನ್ನು ಮರೆತು, ಕೂಡಿಸಬೇಕಾದಲ್ಲಿ ಕಳೆದಿದ್ದೆ. ಅಂತರವನ್ನು 0.56ರ ಬದಲು 17.70 ಎಂದು ತಿದ್ದಿದ ಮೇಲೆ ಕೋನ 16.86 ಡಿಗ್ರಿ ಬಂತು, ಡಿಗ್ರಿಗೆ 111.2 ಕಿ.ಮೀ.ಯಂತೆ ಸುಮಾರು 1,875 ಕಿ.ಮೀ. ಬೆಂಗಳೂರು–ದೆಹಲಿ ವಿಮಾನದಾರಿಗಿಂತ ಇದು ಸ್ವಲ್ಪ ಹೆಚ್ಚು.

ಗಂಟೆಗೆ 830 ಕಿ.ಮೀ. ವೇಗದಲ್ಲಿ ಈ ದೂರಕ್ಕೆ 2 ಗಂಟೆ 15 ನಿಮಿಷ ಸಾಕು. ಉಳಿದ ಹೊತ್ತು ಎಲ್ಲಿ ಕರಗುತ್ತದೆಂದು ತಿಳಿಯಲು, ನವೆಂಬರ್‌ನ ಆ ಪಯಣದಲ್ಲಿ ಕೈಗಡಿಯಾರವನ್ನು ಜರ್ಮನ್ ಸಮಯದಲ್ಲೇ ಬಿಟ್ಟು ನಾಲ್ಕು ಕ್ಷಣಗಳನ್ನು ಬರೆದುಕೊಂಡೆ: ವಿಮಾನವನ್ನು ಹಿಂದಕ್ಕೆ ತಳ್ಳಿದ್ದು 9:42, ಚಕ್ರ ನೆಲ ಬಿಟ್ಟದ್ದು 10:01, ನೆಲ ಮುಟ್ಟಿದ್ದು 12:49, ಎಂಜಿನ್ ನಿಂತದ್ದು 12:57. ಗಾಳಿಯಲ್ಲಿದ್ದದ್ದೇ 2 ಗಂಟೆ 48 ನಿಮಿಷ. ಹತ್ತು ಹನ್ನೊಂದು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಬಿರುಗಾಳಿಗೆ ಎದುರಾಗಿ ಹೋಗಬೇಕು. ಏರುವಾಗಲೂ ಇಳಿಯುವಾಗಲೂ ಪೂರ್ಣ ವೇಗವಿರುವುದಿಲ್ಲ. ಅಂದು ಲಿಸ್ಬನ್ನಿನಲ್ಲಿ ಉತ್ತರದ ಗಾಳಿಯಿದ್ದುದರಿಂದ, ಈಶಾನ್ಯದಿಂದ ಬಂದ ನಮ್ಮ ವಿಮಾನ ಊರನ್ನು ಬಳಸಿ, ದಕ್ಷಿಣದಿಂದ ತೇಜು ನದಿ ದಾಟಿ, ಮನೆಗಳ ಮೇಲೆಯೇ ಹಾದು ಇಳಿಯಿತು.

ಮರಳುವಾಗ ಅದೇ ಗಾಳಿ ಬೆನ್ನಿಗಿತ್ತು. ಹಾರಾಟ 2 ಗಂಟೆ 31 ನಿಮಿಷಕ್ಕೆ ಮುಗಿಯಿತು. ಆದರೆ ಇಳಿದದ್ದು 2011ರಲ್ಲಿ ತೆರೆದ ವಾಯವ್ಯ ರನ್‌ವೇಯಲ್ಲಿ. ಅಲ್ಲಿಂದ ಟರ್ಮಿನಲ್‌ಗೆ ಬರಲು ವಿಮಾನ ಎ3 ಹೆದ್ದಾರಿಯ ಮೇಲಿನ ಸೇತುವೆಯನ್ನು ನಿಧಾನವಾಗಿ ದಾಟಬೇಕು. ಅಮ್ಮ ಕಿಟಕಿಗೆ ಹಣೆ ತಾಗಿಸಿ, ನಮ್ಮ ರೆಕ್ಕೆಯ ಕೆಳಗೆ ಹಾದುಹೋಗುತ್ತಿದ್ದ ಲಾರಿಗಳನ್ನು ನೋಡುತ್ತಿದ್ದರು. ಎಂಜಿನ್ ನಿಲ್ಲುವಷ್ಟರಲ್ಲಿ ನೆಲದ ಮೇಲೆ 17 ನಿಮಿಷ ಕಳೆದಿತ್ತು. ಎರಡು ದಿನ ಬಿಟ್ಟು ಅವರು ಬೆಂಗಳೂರಿನ ವಿಮಾನ ಹತ್ತಿದರು. ಅದೇ ದಿನ ಹತ್ತಬೇಕಾಗಿದ್ದರೆ, ಬಿಡುವನ್ನು ನಾನು ಎಂಜಿನ್ ನಿಂತ ಹೊತ್ತಿನಿಂದಲೇ ಎಣಿಸುತ್ತಿದ್ದೆ.